ಯಾರಿಗೂ ಬೇಡದ ಬಸ್ಸು

ಡಿಂಪ್ನಾ ಮೆಕ್‌ಗರ್ ಕೂತು ಚಹಾ ಕುಡಿದದ್ದನ್ನು ಡ್ರಮ್‌ಗಲ್ಲನ್ ಗುಡ್ಡದಲ್ಲಿ ಯಾರೂ ಕಂಡಿಲ್ಲ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬಸ್ಸಿನ ಬೀಗದಕೈ, ಕಣ್ಣು ಕಿಟಕಿಯಾಚೆ. ಹದಿನಾರಕ್ಕೇ ಡೆರಿ ನಗರದ ಅಂಗಿ ಕಾರ್ಖಾನೆಗೆ ಸೇರಿ ಕಾಲರು ಹೊಲಿದಳು. ಅದು ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಆಲೂಗಡ್ಡೆ ಬೇಯಿಸಿದಳು. ಗಂಡ ಯೂಜೀನ್ ತೀರಿಕೊಂಡು ಆರು ವರ್ಷವಾಯಿತು. ಈಗ ಅವಳ ಪಾಲಿಗಿರುವುದು ಊರಿನ ಸಮುದಾಯ ಭವನ ಮತ್ತು ಅದರ ಬಿಳಿ ಮಿನಿಬಸ್ಸು. ಮಂಗಳವಾರ ಗುಡ್ಡದ ಮುದುಕ ಮುದುಕಿಯರನ್ನು ಪೇಟೆಗೆ, ಡಾಕ್ಟರ ಬಳಿಗೆ ಕರೆದೊಯ್ಯುವುದು. ಗುರುವಾರ ಭವನಕ್ಕೆ ಕರೆತಂದು ಬಿಸಿ ಊಟ ಹಾಕುವುದು. ಸಂಬಳ ಎಷ್ಟು ಎಂದು ಕೇಳಿದವರನ್ನು ಅವಳು ಕಣ್ಣಲ್ಲೇ ಸುಡುತ್ತಾಳೆ.

ಬಸ್ಸು ಓಡುವುದು ಸರ್ಕಾರದ ಗ್ರಾಮೀಣ ಅನುದಾನದಿಂದ. ಆ ಯೋಜನೆಗೆ ಮೂರು ವರ್ಷಕ್ಕೊಮ್ಮೆ ಹೊಸ ಹೆಸರಿಡುತ್ತಾರೆ, ಹೆಸರು ಬದಲಾದಾಗೆಲ್ಲ ಅರ್ಜಿ ನಾಲ್ಕು ಪುಟ ಬೆಳೆಯುತ್ತದೆ. ಈ ಸಲದ ಹೊಸ ಹುಚ್ಚು ಏನೆಂದರೆ, ಬಸ್ಸು ಹತ್ತುವ ಪ್ರತಿಯೊಬ್ಬರಿಗೂ ಅದು ಯಾಕೆ ಬೇಕು ಎಂದು ಒಂದೊಂದು ಹಾಳೆ ಕೊಡಬೇಕು. ಯಾರ ಕೈಬರಹವಾದರೂ ನಡೆಯುತ್ತದೆ, ಸಹಿ ಮಾತ್ರ ಅವರದೇ ಇರಬೇಕು. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಅರ್ಜಿ ಮುಟ್ಟದಿದ್ದರೆ ಮಾರ್ಚ್ ಕೊನೆಗೆ ಬಸ್ಸು ನಿಂತ ಹಾಗೆಯೇ.

ಹದಿನಾಲ್ಕು ಜನ, ಹದಿನಾಲ್ಕು ಹಾಳೆ. ಎಲ್ಲವೂ ಗುರುವಾರ ಬೆಳಿಗ್ಗೆ ಕೈಸೇರಿದವು. ಭವನದ ಒಲೆಯ ಮೇಲೆ ಸ್ಟ್ಯೂ ಕುದಿಯಲಿಟ್ಟು ಡಿಂಪ್ನಾ ಮೊದಲನೆಯದನ್ನು ಓದಿದಳು.

‘ನಾನು ಚೆನ್ನಾಗಿದ್ದೇನೆ. ಕಷ್ಟದಲ್ಲಿರುವವರು ಯಾರಾದರೂ ಇದ್ದರೆ ಅವರಿಗೆ ಕೊಡಿ.’

ಬರೆದವನು ಫೀಲಿಕ್ಸ್ ಕ್ವಿಗ್, ಎಂಬತ್ತೆರಡರ ಬ್ರಹ್ಮಚಾರಿ. ಕಳೆದ ಚಳಿಗಾಲ ಸೊಂಟ ಮುರಿದುಕೊಂಡು ಒಂದೂವರೆ ದಿನ ಕೊಟ್ಟಿಗೆಯ ನೆಲದಲ್ಲಿ ಬಿದ್ದಿದ್ದವನು. ಮಂಗಳವಾರ ಬಸ್ಸು ಬಂದು ಹಾರ್ನ್ ಹೊಡೆದರೂ ಅವನು ಹೊರಗೆ ಬರಲಿಲ್ಲವೆಂದು ಡಿಂಪ್ನಾ ಇಳಿದು ಹುಡುಕಿದಳು, ಅದರಿಂದಲೇ ಜೀವ ಉಳಿಯಿತು. ಮಿಕ್ಕ ಹದಿಮೂರರಲ್ಲೂ ಅದೇ ರಾಗ. ‘ತೊಂದರೆ ಏನಿಲ್ಲ.’ ‘ದೇವರ ದಯೆ, ನಡೆಯುತ್ತಿದೆ.’ ಈ ಗುಡ್ಡದ ಜನವೇ ಹೀಗೆ. ಮುರಿದ ಕೈಯನ್ನು ಜೇಬಿನಲ್ಲಿ ಮುಚ್ಚಿಟ್ಟುಕೊಂಡು ಮಳೆಯ ಬಗ್ಗೆ ಮಾತಾಡುತ್ತಾರೆ. ನನಗೆ ಬೇಕು ಎಂಬ ಎರಡು ಪದ ಅವರ ಗಂಟಲಿನಿಂದ ಹೊರಡುವುದಿಲ್ಲ.

ಡಿಂಪ್ನಾ ಅಡುಗೆಮನೆಯಲ್ಲಿ ಅತ್ತಿಂದಿತ್ತ ತಿರುಗಿದಳು. ತಾನೇ ಬೇರೆ ಹಾಳೆ ಬರೆದು ಸಹಿಯನ್ನೂ ಗೀಚಿಬಿಟ್ಟರೆ? ಪೆನ್ನು ತೆಗೆದಳು, ಒಂದು ಹೆಸರು ಬರೆದಳು, ತನ್ನ ಮೇಲೇ ಹೇಸಿಗೆಯಾಗಿ ಅದನ್ನು ಹರಿದು ಹಾಕಿದಳು. ಒಲೆ ಸಣ್ಣಗೆ ಮಾಡಿ ಬಸ್ಸು ಹತ್ತಿದಳು.

ಫೀಲಿಕ್ಸ್ ಗೇಟಿಗೆ ಒರಗಿ ನಿಂತಿದ್ದ.

“ಇದೇನು ಬರ್ದಿದ್ದೀಯ ಪುಣ್ಯಾತ್ಮಾ?”

“ಇದ್ದದ್ದೇ ಬರ್ದಿದ್ದೀನಿ. ನಂಗೇನಾಗಿದೆ?”

“ಸೊಂಟದಲ್ಲಿ ಕಬ್ಬಿಣ ಇಟ್ಕೊಂಡು ಕುಂಟ್ತಿದ್ದೀಯ, ಏನಾಗಿದೆ ಅಂತ ಬೇರೆ ಕೇಳ್ತೀಯ!”

“ಅಯ್ಯೋ, ನನ್ನ ವಿಷ್ಯ ಬಿಡು ತಾಯಿ. ಪಾಪ, ಆ ಹೆಸ್ಟರ್‌ನ ನೋಡು. ಕಣ್ಣೆಲ್ಲಾ ಮಂಜು. ಮೊನ್ನೆ ಬೆಕ್ಕಿನ ಊಟದ ಡಬ್ಬಿನ ಸೂಪ್ ಅಂತ ಬಿಸಿ ಮಾಡ್ತಿದ್ರು. ಬಸ್ಸು ಬೇಕಾಗಿರೋದು ಅವರಿಗೆ. ಅವರಿಗೆ ಜೊತೆ ಇರ್ಲಿ ಅಂತ ನಾನು ಬರ್ತೀನಿ, ಅಷ್ಟೇ.”

ಹೆಸ್ಟರ್ ರೇ ಇರುವುದು ಕೆಳಗಿನ ತಿರುವಿನಲ್ಲಿ. ನಲವತ್ತು ವರ್ಷ ಚರ್ಚಿನಲ್ಲಿ ಆರ್ಗನ್ ನುಡಿಸಿದ ಗಂಭೀರ ಹೆಂಗಸು. ಡಿಂಪ್ನಾ ಅವರ ಬಾಗಿಲು ತಟ್ಟಿದಳು.

“ನನಗ್ಯಾಕಮ್ಮ ಬಸ್ಸು? ಆ ಫೀಲಿಕ್ಸ್‌ಗೋಸ್ಕರ ಬರ್ತೀನಿ. ಗುರುವಾರ ಬಿಟ್ರೆ ಅವನು ಬರೀ ಬ್ರೆಡ್ಡು, ಚಹಾದಲ್ಲೇ ದಿನ ದೂಡ್ತಾನೆ. ನಾನು ಹೇಳ್ದೆ ಅಂತ ಹೇಳ್ಬೇಡ ಮತ್ತೆ.”

ಡಿಂಪ್ನಾ ಅವರ ಹೊಸ್ತಿಲಲ್ಲೇ ನಿಂತು ನಕ್ಕುಬಿಟ್ಟಳು. “ಹೆಸ್ಟರ್, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು!”

ಮಧ್ಯಾಹ್ನ ಊಟದ ಮೇಜಿನ ಮೇಲೆ ತಟ್ಟೆಗೊಂದು ಖಾಲಿ ಹಾಳೆ ಇಟ್ಟಳು. “ನಿಮ್ಮ ಬಗ್ಗೆ ಒಂದಕ್ಷರಾನೂ ಬೇಡ. ಎಡಗಡೆ ಕೂತೋರ ಬಗ್ಗೆ ಬರೀರಿ.”

ಪೆನ್ನುಗಳು ನಿಲ್ಲಲೇ ಇಲ್ಲ. ಸ್ಟ್ಯೂ ಆರಿತು, ಕೆಲವರು ಹಿಂಬದಿಗೂ ತಿರುಗಿಸಿ ಬರೆದರು. ಗಲಾಟೆ ಎದ್ದದ್ದು ತಮ್ಮ ಬಗ್ಗೆ ಬರೆದದ್ದನ್ನು ಓದಿ ಸಹಿ ಹಾಕುವಾಗ.

“ಸುಳ್ಳು! ನಾನು ಬಿದ್ದಿದ್ದು ಎರಡೇ ಸಲ!”

“ಮೂರು. ಕೋಳಿಗೂಡಿನ ಹತ್ರ ಬಿದ್ದಿದ್ದು ಲೆಕ್ಕಕ್ಕಿಲ್ವಾ?”

“ಸಹಿ ಹಾಕ್ದೋರಿಗೆ ಮಾತ್ರ ಪುಡ್ಡಿಂಗು,” ಎಂದಳು ಡಿಂಪ್ನಾ. “ನಿಜಕ್ಕೆ ಸಹಿ ಹಾಕೋಕೆ ಎಂಥಾ ನಾಚಿಕೆ ನಿಮಗೆಲ್ಲಾ? ಹಾಕ್ರಿ!” ಗೊಣಗುತ್ತಲೇ ಎಲ್ಲರೂ ಹಾಕಿದರು. ಅವಳು ಪಾತ್ರೆ ತೊಳೆಯುವಷ್ಟರಲ್ಲಿ ಫೀಲಿಕ್ಸ್ ಹಾಳೆಗಳನ್ನು ಜೋಡಿಸಿ ಲಕೋಟೆಗೆ ಹಾಕಿ ಅಂಟಿಸಿಯೂ ಬಿಟ್ಟಿದ್ದ.

ಶುಕ್ರವಾರ ಎಂಟು ಜನ ತಾವೂ ಬರುತ್ತೇವೆಂದು ಹಟ ಹಿಡಿದು ಬಸ್ಸು ಹತ್ತಿದರು. ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು. ಅನುದಾನದ ಕಚೇರಿ ತಲುಪುವಾಗ ಹನ್ನೆರಡಕ್ಕೆ ಹದಿನೈದು ನಿಮಿಷವಿತ್ತು. ಕೌಂಟರಿನಲ್ಲಿದ್ದ ಒರ್ಲಾ ಎಂಬ ಹುಡುಗಿ ಒಂದೊಂದೇ ಹಾಳೆ ತಿರುಗಿಸಿದಳು.

“ಹದಿನೈದಿದೆ. ಇದೊಂದಕ್ಕೆ ಸಹಿ ಇಲ್ಲ.”

“ಹದಿನಾಲ್ಕಲ್ವಾ?” ಡಿಂಪ್ನಾ ಹಾಳೆ ಎಳೆದುಕೊಂಡಳು. ಫೀಲಿಕ್ಸನ ಕೈಬರಹ.

‘ಡಿಂಪ್ನಾ ಮೆಕ್‌ಗರ್. ಕೊನೆಗೆ ಇಳಿಯುವವನು ನಾನು, ನನ್ನ ಗೇಟಿನಿಂದ ಅವಳ ಮನೆ ಕಾಣುತ್ತದೆ, ಆದ್ದರಿಂದ ನನಗೆ ಗೊತ್ತು. ನನ್ನನ್ನು ಇಳಿಸಿ ತನ್ನ ಮನೆಯ ಮುಂದೆ ಎಂಜಿನ್ ಆರಿಸಿ ಬಸ್ಸಿನಲ್ಲೇ ಕೂತಿರುತ್ತಾಳೆ. ಒಂದು ಗಂಟೆ, ಒಮ್ಮೊಮ್ಮೆ ಎರಡು. ಯೂಜೀನ್ ಇಲ್ಲದ ಮನೆಯೊಳಗೆ ಹೋಗಲು ಅವಳಿಗೆ ಆಗುವುದಿಲ್ಲ. ಬಸ್ಸು ನಿಂತರೆ ನಮಗಿಂತ ಮೊದಲು ಕುಸಿಯುವವಳು ಇವಳು.’

ಡಿಂಪ್ನಾಳ ಮುಖಕ್ಕೆ ರಕ್ತ ನುಗ್ಗಿತು. ಈ ಮುದುಕನಿಗೆ ನೋಡಲು ಬೇರೇನೂ ಇರಲಿಲ್ಲವೇ? “ಅದು ಬಸ್ಸಲ್ಲಿ ಹೀಟರ್ ಚೆನ್ನಾಗಿದೆ ನೋಡಿ, ಅದಕ್ಕೇ...” ಎಂದಳು. ಎಂಜಿನ್ ಆರಿಸಿದ ಬಸ್ಸಿನಲ್ಲಿ ಎಂಥ ಹೀಟರು ಎಂದು ಅವಳಿಗೇ ಹೊಳೆದು ಮಾತು ನಿಂತಿತು.

“ಸಹಿ ಇಲ್ಲದ ಹಾಳೆ ಒಂದಿದ್ರೂ ಪೂರ್ತಿ ಅರ್ಜಿ ವಾಪಸ್ ಹೋಗುತ್ತೆ ಮೇಡಂ,” ಒರ್ಲಾ ಮೆಲ್ಲಗೆ ಹೇಳಿದಳು. “ತೆಗೆದುಬಿಡ್ಲಾ? ಹದಿನಾಲ್ಕು ಸಾಕು.”

ತೆಗೆಯುವುದು ಸುಲಭ. ಮಡಚಿ ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಗಡಿಯಾರದಲ್ಲಿ ಇನ್ನು ಐದು ನಿಮಿಷ. ಕಿಟಕಿಯಾಚೆ ಬಸ್ಸಿನಲ್ಲಿ ಫೀಲಿಕ್ಸ್ ಬೇಕೆಂದೇ ಇನ್ನೊಂದು ಕಡೆಗೆ ಮುಖ ತಿರುಗಿಸಿ ಕೂತಿದ್ದ. ನಿನ್ನೆ ಹದಿನಾಲ್ಕು ಜನರನ್ನು ಗದರಿ ಸಹಿ ಹಾಕಿಸಿದವಳು ತಾನೇ. ಹಾಳೆಯನ್ನು ಕೌಂಟರಿನ ಮೇಲೆ ನೇರಮಾಡಿ ಇಟ್ಟಳು.

“ಪೆನ್ನು ಕೊಡಮ್ಮ,” ಎಂದಳು.

ಅವಳು ಬಸ್ಸು ಹತ್ತಿದಳು. ಫೀಲಿಕ್ಸ್ ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದ:

“ಎಷ್ಟು ಹಾಳೆ ತಗೊಂಡ್ರು?”

“ಹದಿನೈದೂ,” ಎಂದು ಡಿಂಪ್ನಾ ಗೇರು ಹಾಕಿದಳು.