ಏಳು ಹಿರಿಯರ ಅಂಗಳ

ಸಲಾತಿಗಾ ಊರಿನ ಪ್ರಿಹಾತಿನ್ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ವಯಸ್ಸು ನಲವತ್ತಮೂರು. ಮಧ್ಯಾಹ್ನ ಊಟವಾದ ಮೇಲೆ ಹಳೆಯ ಲ್ಯಾಪ್‌ಟಾಪ್ ತೆರೆದು ಒಂದು ತಾಸು ಗೇಮ್ ಆಡದಿದ್ದರೆ ಅವಳಿಗೆ ತಿಂದ ಅನ್ನ ಅರಗದು. ಗುಂಡು ಹಾರಿಸುವ ಆಟ ಅವಳಿಗೆ ಆಗದು. ಯಾರೋ ಒಬ್ಬರು ಮನೆಯಲ್ಲೇ ಕೂತು ವರ್ಷಗಟ್ಟಲೆ ತಿದ್ದಿ ತೀಡಿದ, ಯಾರ ಕಣ್ಣಿಗೂ ಬೀಳದ ಆಟಗಳನ್ನೇ ಅವಳು ಹುಡುಕುತ್ತಿದ್ದಳು: ಮಂಜಿನ ದ್ವೀಪ, ನೀರಲ್ಲಿ ಮುಳುಗಿದ ಊರು. ಅಲ್ಲಿ ಸುಮ್ಮನೆ ನಡೆಯಬೇಕು, ನೋಡಬೇಕು, ಗುಟ್ಟು ಬಿಡಿಸಬೇಕು. ಆಮೇಲೆ ತನ್ನ ಅಂತರ್ಜಾಲ ಪುಟದಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆಯುವಳು. ಕೊನೆ ಮುಟ್ಟದೆ ಒಂದಕ್ಷರ ಬರೆದವಳಲ್ಲ.

ಹಾಗೆ ಹುಡುಕುವಾಗ ಸಿಕ್ಕಿದ್ದು ವೊನೊಸೊಬೊ ಊರಿನ ವಾಸಿಸ್ ಎಂಬವನು ಮಾಡಿದ ಆಟ. ಬೆಟ್ಟದ ಮೇಲೊಂದು ಊರು, ಅಂಗಳದಲ್ಲಿ ಸಾಲಾಗಿ ಕೂತ ಏಳು ಮುದುಕರು, ಅವರಾಚೆ ಮುಚ್ಚಿದ ಬಾಗಿಲು. ಎಂಥ ಚೆಂದ ಮಾಡಿದ್ದ ಪುಣ್ಯಾತ್ಮ! ಒದ್ದೆ ಹೆಂಚಿನಿಂದ ಆವಿ ಏಳುವುದೂ ಕಾಣುತ್ತಿತ್ತು. ಕೆಳಗೆ ಅವನು ಬರೆದಿದ್ದ: ತೀರಿಕೊಂಡ ನನ್ನ ಅಮ್ಮನನ್ನು ಆ ಬಾಗಿಲೊಳಗೆ ಇಟ್ಟಿದ್ದೇನೆ. ಮೂರು ವರ್ಷದಲ್ಲಿ ಒಬ್ಬರೂ ಅವಳ ತನಕ ಬಂದಿಲ್ಲ. ಈ ತಿಂಗಳ ಕೊನೆಗೆ ಆಟ ತೆಗೆದುಬಿಡುತ್ತೇನೆ.

ತಿಂಗಳು ಮುಗಿಯಲು ಒಂಬತ್ತು ದಿನವಿತ್ತು. ತೆಗೆಯುವುದೆಂದರೇನು, ನಾನಿನ್ನೂ ಬದುಕಿದ್ದೇನೆ ಎಂದುಕೊಂಡಳು ಪ್ರಿಹಾತಿನ್.

ಆಟದೊಳಗೆ ಬಾವಿಗಿಳಿದಳು, ಮಾಡು ಹತ್ತಿದಳು, ಕಲ್ಲು ಕಲ್ಲನ್ನೂ ತಡವಿದಳು. ಅಂಗಳ ದಾಟಿ ಬಾಗಿಲಿಗೆ ಓಡಿದ್ದು ನೂರು ಸಲವಾದರೂ ಆದೀತು. ಬಾಗಿಲು ಮಿಸುಕಲಿಲ್ಲ. ಎಂಟು ದಿನ ಹೀಗೇ ಹೋಯಿತು. ಅತ್ತೆ ಕಾರ್ಸಿ, ಬಟ್ಟೆಗೆ ಕಾಜಾ ಹಾಕೋದು ಬಿಟ್ಟು ಬೇರೆಯವರ ಮನೆ ಬಾಗಿಲು ಕಾಯುವ ಸೊಸೆ ನನಗೇ ಸಿಗಬೇಕಿತ್ತೇ ಎಂದು ಗೊಣಗಿದಳು.

ಒಂಬತ್ತನೆಯ ದಿನ ಬೆಳಿಗ್ಗೆ ಜಗಲಿಯಲ್ಲಿ ಅತ್ತೆ ಮತ್ತು ಅವಳ ಮೂವರು ಗೆಳತಿಯರು ಚಾಪೆ ಹಾಸಿ ಕೂತಿದ್ದರು. ತಲೆ ತುಂಬ ಆ ಬಾಗಿಲನ್ನೇ ಹೊತ್ತಿದ್ದ ಪ್ರಿಹಾತಿನ್ ಅಂಗಿಗಳ ಕಟ್ಟು ಹಿಡಿದು ಅವರ ಮುಂದೆಯೇ ನೆಟ್ಟಗೆ, ಬಿರಬಿರನೆ ನಡೆದುಬಿಟ್ಟಳು. ಕೂತ ಹಿರಿಯರ ಮುಂದೆ ಹಾಯುವಾಗ ಸೊಂಟ ಬಗ್ಗಿಸಿ, ಬಲಗೈ ಕೆಳಗೆ ಚಾಚಿ, ಅಪ್ಪಣೆ ಕೇಳುತ್ತಾ ಮೆಲ್ಲಗೆ ನಡೆಯಬೇಕೆಂದು ಅಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಗೆಳತಿಯರು ಮುಖ ಮುಖ ನೋಡಿಕೊಂಡರು.

"ಏನಮ್ಮಾ ಮಹಾರಾಣಿ," ಎಂದಳು ಅತ್ತೆ, "ಸೊಂಟಕ್ಕೆ ದೊಣ್ಣೆ ಕಟ್ಕೊಂಡಿದ್ದೀಯಾ? ನಾವೇನು ಇಲ್ಲಿ ಗೊಂಬೆಗಳಾ?"

ಪ್ರಿಹಾತಿನ್ ನಿಂತಲ್ಲೇ ನಿಂತಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮರುಕ್ಷಣ ಕಟ್ಟನ್ನು ಅಲ್ಲೇ ಇಟ್ಟು, ಬಗ್ಗಿ, ಕೈ ಚಾಚಿ, ಕ್ಷಮೆ ಕೇಳುತ್ತಾ ಅವರ ಮುಂದೆ ವಾಪಸು ಹಾದು ಸೀದಾ ಲ್ಯಾಪ್‌ಟಾಪಿಗೆ ಓಡಿದಳು. ಆಟದಲ್ಲಿ ಬಗ್ಗಿ ನಡೆಯಲು ಒಂದು ಗುಂಡಿಯಿತ್ತು. ಮೊದಲಲ್ಲಿ ಬೇಲಿಯಡಿ ನುಸುಳಲು ಒತ್ತಿದ್ದವಳು ಆಮೇಲೆ ಅದನ್ನು ಮರೆತೇಬಿಟ್ಟಿದ್ದಳು. ಈಗ ಅದನ್ನು ಒತ್ತಿ ಹಿಡಿದು ಒಬ್ಬೊಬ್ಬ ಮುದುಕನ ಮುಂದೆಯೂ ನಿಧಾನವಾಗಿ ದಾಟಿದಳು. ಒಬ್ಬೊಬ್ಬರೂ ತಲೆಯಾಡಿಸಿದರು. ಏಳನೆಯವನು ತಲೆಯಾಡಿಸಿದಾಗ ಬಾಗಿಲು ತೆರೆಯಿತು.

ಒಳಗೆ ಒಬ್ಬ ಹೆಂಗಸು ಒಲೆಯ ಮುಂದೆ ಕೂತಿದ್ದಳು. ಇವಳನ್ನು ಕಂಡು ಗ್ಲಾಸಿಗೆ ಚಹಾ ಬಗ್ಗಿಸಿ ಮುಂದಿಟ್ಟಳು. ಅಷ್ಟೇ. ಪ್ರಿಹಾತಿನ್‌ಗೆ ಅಳು ಬಂತು.

ಏನಾಯಿತೆಂದು ನೋಡಲು ಬಂದ ಅತ್ತೆ ಅದ್ಯಾರೆಂದು ಕೇಳಿದಳು. ಯಾರದೋ ಅಮ್ಮ, ಈಗಿಲ್ಲ ಎಂದಳು ಪ್ರಿಹಾತಿನ್. ಅತ್ತೆ ಪರದೆಯ ಮೇಲಿನ ಗ್ಲಾಸು ತೋರಿಸಿದಳು.

"ಚಹಾ ಕೊಟ್ಟಾಗಿದೆ. ತಕ್ಷಣ ಎದ್ದು ಬರಬೇಡ, ಕೂತಿರು."

ಪ್ರಿಹಾತಿನ್ ಕೀಲಿಮಣೆಯಿಂದ ಕೈ ತೆಗೆದು ಕೂತೇ ಇದ್ದಳು. ಅತ್ತೆಯೂ ಪಕ್ಕದಲ್ಲಿ ಕೂತಳು.

ಆಮೇಲೆ ಪ್ರಿಹಾತಿನ್ ವಾಸಿಸ್‌ಗೆ ಬರೆದಳು: ನಿಮ್ಮ ಅಮ್ಮ ಚಹಾ ಕೊಟ್ಟರು, ಕುಡಿದು ಬಂದೆ, ಆಟ ತೆಗೆಯಬೇಡಿ. ಸಂಜೆಯೊಳಗೆ ಉತ್ತರ ಬಂತು.

"ಅಮ್ಮ ಸಕ್ಕರೆ ಜಾಸ್ತಿ ಹಾಕಿದ್ಲಾ?"

ಜಾಸ್ತಿಯೇ ಎಂದು ಅವಳು ಬರೆದಳು.