ಶಿವಕ್ಕನ ಕಪ್ಪತಗುಡ್ಡ

ಶಿವಕ್ಕನ ತುಟಿಯ ಮೇಲೆ ಯಾವಾಗಲೂ ಬಣ್ಣವಿರುತ್ತಿತ್ತು. ಕುಂಚದ ತುದಿ ಚೂಪಾಗಲೆಂದು ಅದನ್ನು ಬಾಯಲ್ಲಿಟ್ಟು ಎಳೆಯುವ ಚಾಳಿ ಅವಳದು. ಮಧ್ಯಾಹ್ನಕ್ಕೆ ತುಟಿ ನೀಲಿ, ಸಂಜೆಗೆ ಹಸಿರು. ಗದಗಿನ ಕನ್ಯಾಶಾಲೆಗೆ ನಾವಿಬ್ಬರೂ ಒಟ್ಟಿಗೇ ಪಾಠ ಹೇಳುವ ಅಕ್ಕೋರಾಗಿ ಸೇರಿದವರು. ಹುಡುಗಿಯರು ಮಾತ್ರ ಅವಳ ಹಿಂದೆಯೇ ಸುತ್ತುತ್ತಿದ್ದರು. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳಷ್ಟು ಆಪ್ತ ಗೆಳತಿಯೂ ನನಗೆ ಬೇರೆ ಇರಲಿಲ್ಲ.

ಬೆಟಗೇರಿಯ ನೇಕಾರರ ಮನೆಯವಳು. ಯಾವುದನ್ನೂ ಎಳೆದಾಡುತ್ತಿರಲಿಲ್ಲ. ಊಟದ ನಡುವೆ "ಸಾಕಾತು" ಎಂದು ಏಳುವಳು. ಜಗಳವನ್ನೂ ಹಾಗೆಯೇ ಅರ್ಧಕ್ಕೆ ಬಿಟ್ಟು ನೀರು ತರಲು ಹೋಗುವಳು. ಉಳಿದರ್ಧವನ್ನು ಮನಸ್ಸಿನಲ್ಲೇ ಆಡುತ್ತ ನಾನೊಬ್ಬಳೇ ಕುದಿಯುತ್ತಿದ್ದೆ.

ಏಕೀಕರಣದ ವರ್ಷ. ಸಮಾರಂಭದ ದಿನ ಶಾಲೆಯ ಸಭಾಂಗಣದಲ್ಲಿ ನಮ್ಮ ಸೀಮೆಯ ಒಂದು ಚಿತ್ರ ತೂಗುಹಾಕಬೇಕೆಂದು ದೊಡ್ಡಕ್ಕೋರು ಹೇಳಿದರು. ಒಂದೇ ಚಿತ್ರ. ಅದು ನನ್ನದೇ ಆಗಬೇಕೆಂದು ನಾನು ಹಟ ತೊಟ್ಟಿದ್ದೆ. ನನ್ನಪ್ಪ ಮುಂಬೈಯಿಂದ ತರಿಸಿಕೊಟ್ಟ ಬಣ್ಣದ ಪೆಟ್ಟಿಗೆಯಿತ್ತು. ಅವಳ ಬಳಿ ಪೇಟೆಯ ಅಗ್ಗದ ಬಣ್ಣದ ಬಿಲ್ಲೆಗಳು.

ಮಳೆಗಾಲದ ಒಂದು ಮುಂಜಾನೆ ಇಬ್ಬರೂ ಡೋಣಿ ಎಂಬ ಹಳ್ಳಿಗೆ ಹೋಗಿ ಕಪ್ಪತಗುಡ್ಡದ ಎದುರು ಕುಳಿತೆವು. ಗುಡ್ಡದ ನೆತ್ತಿಗೆ ಮಂಜು. ಗಾಳಿಯೋ ಗಾಳಿ. ನಾನು ಬಳಿದ ಆಕಾಶ ಅರ್ಧಕ್ಕೆ ಬರುವಷ್ಟರಲ್ಲಿ ಒಣಗಿ ಗೆರೆ ಬಿತ್ತು. ಗೆರೆ ಮುಚ್ಚಲು ಇನ್ನಷ್ಟು ಬಣ್ಣ, ಅದನ್ನು ತಿದ್ದಲು ಮತ್ತಷ್ಟು. ಗುಡ್ಡ ಕೆಸರಾಯಿತು.

ಶಿವಕ್ಕ ಟವೆಲ್ಲನ್ನು ನೀರಲ್ಲಿ ಅದ್ದಿ ಹಲಗೆಯ ಮೇಲೆ ಹಾಸಿದಳು. ಕಾಗದವನ್ನೂ ಪೂರಾ ತೋಯಿಸಿ ಅದರ ಮೇಲಿಟ್ಟಳು.

"ಒಣ ನೂಲಿಗೆ ಬಣ್ಣ ಹಾಕಿದ್ರ ತ್ಯಾಪಿ ತ್ಯಾಪಿ ಆಗತೈತಿ ಸುಶೀ. ಮದ್ಲ ತೊಯ್ಸಬೇಕು."

ನೀಲಿ ಹರಿಸಿದಳು, ಬುಡಕ್ಕೆ ಒಂದಿಷ್ಟು ಹಸಿರು ಬಿಟ್ಟಳು. ಅದು ಹಬ್ಬುವುದನ್ನು ಕೈ ಕಟ್ಟಿ ನೋಡುತ್ತ ಕುಳಿತಳು. ಆಮೇಲೆ ಕುಂಚ ತೊಳೆದುಬಿಟ್ಟಳು.

"ಅರ್ಧಾ ಗುಡ್ಡ ಎಲ್ಲಿ ಹೋತ?" ಎಂದು ನಾನು ನಕ್ಕೆ.

"ಮಂಜ ಮುಚ್ಚೈತಿ. ಕಾಣದ್ದನ್ನ ಹೆಂಗ ಬರೀಲಿ? ಸಾಕು."

ಆ ಅರ್ಧ ಗುಡ್ಡವೇ ಗೋಡೆಗೇರಿತು. ಗುಡ್ಡ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ತಿಳಿಯದಂತೆ ನಾಡೂ ಒಂದಾಗಿದೆ ಎಂದು ಅತಿಥಿಗಳು ಚಿತ್ರ ತೋರಿಸಿ ಭಾಷಣ ಮಾಡಿದರು. ಚಪ್ಪಾಳೆಯೋ ಚಪ್ಪಾಳೆ. ಶಿವಕ್ಕ ನನ್ನ ಕಿವಿಯಲ್ಲಿ, "ಖರೆ ಹೇಳ್ಲ್ಯಾ? ನೀರು ಹೆಚ್ಚಾಗಿತ್ತು" ಎಂದಳು. ನನಗೆ ನಗು ಬರಲಿಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಸಭಾಂಗಣದಲ್ಲಿ ಕುಳಿತು ಆ ಚಿತ್ರವನ್ನೇ ನಕಲು ಮಾಡತೊಡಗಿದೆ. ಟವೆಲ್ ತೋಯಿಸಿದೆ, ಕಾಗದ ತೋಯಿಸಿದೆ. ಆದರೂ ಆ ಮಂಜು ನನ್ನ ಕಾಗದಕ್ಕೆ ಇಳಿಯಲೊಲ್ಲದು. ಒಂದು ದಿನ ಹಿಂದಿನಿಂದ ಶಿವಕ್ಕನ ದನಿ ಕೇಳಿತು.

"ನಿನ್ನ ಕೈ ಸುಮ್ನ ಇರಂಗಿಲ್ಲ ಸುಶೀ. ಇಡತಿ, ತಿದ್ದತಿ, ಮತ್ತ ತಿದ್ದತಿ. ನೀರಿಗೂ ಒಂದೀಟು ಕೆಲಸಾ ಬಿಡು. ಕೈ ತಗಿ."

ಮೈ ಉರಿಯಿತು. ಕೈ ತೆಗೆಯುವುದನ್ನು ಮಾತ್ರ ಅಂದೇ ಕಲಿಯತೊಡಗಿದೆ.

ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಹೋದ ಶಿವಕ್ಕ ನೌಕರಿಯ ಜೊತೆಗೆ ಕುಂಚವನ್ನೂ ಬಿಟ್ಟಳು. ಯಾಕೆಂದು ಕೇಳಿದರೆ, "ಸಾಕಾತು." ನಾನು ಜೀವ ತೇಯ್ದರೂ ಒಲಿಯದ್ದನ್ನು ಇವಳು ಎಂಜಲು ಕೈ ತೊಳೆದಷ್ಟು ಸಲೀಸಾಗಿ ಬಿಟ್ಟಳಲ್ಲ ಎಂದು ಅದಕ್ಕೂ ಹೊಟ್ಟೆ ಉರಿದುಕೊಂಡೆ.

ನನ್ನ ತಲೆ ನರೆತ ಮೇಲೆ, ಒಂದು ಮಳೆಗಾಲ, ಡೋಣಿಯಲ್ಲೇ ಕುಳಿತು ಬರೆದ ಗುಡ್ಡ ನಾನು ಬಯಸಿದಂತೆಯೇ ಬಂತು. ಮಂಜಿದ್ದ ಕಡೆ ಕಾಗದವನ್ನು ಮುಟ್ಟಿರಲಿಲ್ಲ. ಮರುದಿನವೇ ಅದನ್ನು ಹಿಡಿದು ಲಕ್ಷ್ಮೇಶ್ವರಕ್ಕೆ ಓಡಿದೆ. ಅವಳು ನೋಡಿ ಸೋಲಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಶಿವಕ್ಕ ಹಾಸಿಗೆಯಲ್ಲಿದ್ದಳು. ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ಬಿಳಿ ಉಳಿದ ಜಾಗದ ಮೇಲೆ ಬೆರಳಾಡಿಸಿದಳು. "ಇದನ್ನ ನಾ ಯಾವಾಗ ಬರದ್ನಿ?"

"ನಿಂದಲ್ಲ, ನಂದು!" ನನ್ನ ದನಿ ನನಗೇ ಜೋರೆನಿಸಿತು.

ಅವಳು ನಕ್ಕಳು. ತುಟಿಯಲ್ಲಿ ಬಣ್ಣವಿರಲಿಲ್ಲ.

"ನಿಂದ? ಚಲೋ ಆತು ಬಿಡು. ನಾ ಅದನ್ನ ಎಲ್ಲೋ ಕಳಕೊಂಡೀನಿ ಅಂದ್ಕೊಂಡಿದ್ನಿ. ನಿನ್ನ ಕಡೆ ಇತ್ತು."

ಚಿತ್ರವನ್ನು ಅಲ್ಲೇ ಬಿಟ್ಟು ಬಂದೆ. ಆ ಮಳೆಗಾಲ ಮುಗಿಯುವುದರೊಳಗೆ ಅವಳು ಹೋದಳು.

ಈಗ ಆ ಚಿತ್ರ ಶಿವಕ್ಕನ ಮನೆಯ ಪಡಸಾಲೆಯ ಗೋಡೆಯ ಮೇಲಿದೆ. ಮೂಲೆಯಲ್ಲಿ ನನ್ನ ಸಹಿಯಿದೆ, ಯಾರೂ ಓದುವುದಿಲ್ಲ. "ನಮ್ಮತ್ತೀ ಕೈ ಎಂಥಾದಿತ್ತು ನೋಡ್ರಿ ಅಕ್ಕೋರ" ಎಂದು ಸೊಸೆ ಬಂದವರಿಗೆಲ್ಲ ತೋರಿಸುವಂತೆ ನನಗೂ ತೋರಿಸುತ್ತಾಳೆ. ಹೊಟ್ಟೆ ಧಗಧಗ ಉರಿಯುತ್ತದೆ. "ಹೌದವಾ, ಅಕೀದ ಕೈ" ಎನ್ನುತ್ತೇನೆ.