ಆಯುಧಪೂಜೆಯ ದಿನ ಪಟ್ಟಿಯಲ್ಲಿ ಇಲ್ಲದ ಪ್ರಿಂಟರ್

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನೆಲಮಂಗಲದಾಚೆಯ ಒಂದು ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಲಾಗ್ ಪುಸ್ತಕ ಬರೆಯುತ್ತಿದ್ದೆ. ಯಂತ್ರವನ್ನು ಯಾರು ಆನ್ ಮಾಡಿದರು, ಯಾವಾಗ ನಿಂತಿತು, ಏಕೆ ನಿಂತಿತು ಎಂದು ದಾಖಲಿಸುವುದಷ್ಟೇ ಕೆಲಸ. ಯಂತ್ರ ನಡೆಸುತ್ತಿದ್ದ ಆಪರೇಟರ್ ರಾಜಘಟ್ಟದ ಕಡೆಯವನು. ಇಬ್ಬರೂ ಒಂದೇ ವಾರ ಸೇರಿದವರು. ಇಬ್ಬರ ಕೆಲಸವೂ ಇನ್ನೂ ಕಾಯಂ ಆಗಿರಲಿಲ್ಲ.

ಆ ಕಂಪ್ಯೂಟರ್ ಶುರುವಾಗುವಾಗ ಒಮ್ಮೆ ಮಾತ್ರ ತನಗೆ ಜೋಡಿಸಿದ ಸಾಧನಗಳನ್ನು ವಿಚಾರಿಸಿಕೊಳ್ಳುತ್ತಿತ್ತು. ಉತ್ತರ ಕೊಟ್ಟ ಸಾಧನಕ್ಕೆ ಮಾತ್ರ, ಅದನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ಡಿಸ್ಕಿನಿಂದ ತಂದುಕೊಳ್ಳುತ್ತಿತ್ತು. ಆ ಗಳಿಗೆಯಲ್ಲಿ ಆಫ್ ಆಗಿದ್ದದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಆಮೇಲೆ ಆನ್ ಮಾಡಿದರೂ ತಿರುಗಿ ನೋಡದು. ಪ್ರಿಂಟರಿಗೆ ಬೇರೆ ಸ್ವಿಚ್ ಇತ್ತು. ಹಾಗಾಗಿ ಮೊದಲು ಪ್ರಿಂಟರ್, ಆಮೇಲೆ ಕಂಪ್ಯೂಟರ್.

ಆಯುಧಪೂಜೆಗೆ ಎಲ್ಲವನ್ನೂ ಆಫ್ ಮಾಡಿ, ಒರೆಸಿ, ಕುಂಕುಮವಿಟ್ಟು ಹೂ ಮುಡಿಸಿದ್ದೆವು. ಮ್ಯಾನೇಜರು ಬೆಂಗಳೂರಿನ ದೊಡ್ಡ ಅಧಿಕಾರಿಯೊಬ್ಬರನ್ನು ಕರೆತಂದಿದ್ದರು. ಮಂಗಳಾರತಿಯಾದ ಮೇಲೆ ಅತಿಥಿಯ ಕೈಯಿಂದ ಕಂಪ್ಯೂಟರನ್ನು ಆನ್ ಮಾಡಿಸಲು ಹೊರಟರು.

"ಸಾರ್, ಮೊದ್ಲು ಪ್ರಿಂಟರ್ ಆನ್ ಆಗ್ಬೇಕು," ಎಂದ ಆಪರೇಟರ್.

"ಯಜಮಾನ ಏಳೋಕೆ ಮುಂಚೆ ಆಳು ಎದ್ದು ಕೂತ್ಕೋಬೇಕೇನಪ್ಪಾ?" ಎಂದರು ಮ್ಯಾನೇಜರು.

"ನಮ್ಮೂರಲ್ಲಿ ಆಳೇ ಮೊದ್ಲು ಏಳೋದು ಸಾರ್."

ಅತಿಥಿ ನಕ್ಕರು. ಮ್ಯಾನೇಜರು ನಗಲಿಲ್ಲ.

ಕಂಪ್ಯೂಟರ್ ಆನ್ ಆಯಿತು. ತಾನು ಕಂಡ ಸಾಧನಗಳ ಪಟ್ಟಿಯನ್ನು ಟೆಲಿಟೈಪ್ ಎಂಬ, ಟೈಪ್‌ರೈಟರಿನಂಥ ಬೇರೆ ಯಂತ್ರದಲ್ಲಿ ಹೊಡೆಯಿತು. ಅದರಲ್ಲಿ ಪ್ರಿಂಟರ್ ಇರಲಿಲ್ಲ. ಅತಿಥಿ ಪ್ರಿಂಟರಿನ ಸ್ವಿಚ್ ಒತ್ತಿದರು. ದೀಪ ಹತ್ತಿತು, ಕಾಗದ ಅಲ್ಲಾಡಲಿಲ್ಲ.

"ಒಂದ್ಸಲ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ ಸಾರ್," ಎಂದ ಆಪರೇಟರ್.

"ಈಗಷ್ಟೇ ಆರತಿ ಎತ್ತಿದ್ದೀವಿ. ಯಾರೂ ಆರಿಸಕೂಡ್ದು."

ಅತಿಥಿ ಸ್ವಲ್ಪ ಹೊತ್ತು ಕಾದು ಶಿವಗಂಗೆಗೆ ಹೊರಟರು. ಅವರನ್ನು ಕಾರು ಹತ್ತಿಸಿ ಬಂದ ಮ್ಯಾನೇಜರು ನನ್ನ ಮೇಜಿನ ಪಕ್ಕ ನಿಂತರು.

"ಆಪರೇಟರ್ ಅಜಾಗ್ರತೆ ಅಂತ ಬರ್ಕೊಳಪ್ಪಾ."

ಅವರು ಎರಡು ಹೆಜ್ಜೆ ಸರಿದಾಗ ಆಪರೇಟರ್ ಬಗ್ಗಿ ಮೆಲ್ಲಗೆ ಹೇಳಿದ: "ನೋಡಿದ್ದನ್ನ ಬರಿ ಗುರು, ಇನ್ನೇನೂ ಬ್ಯಾಡ."

ನಾನು ಮ್ಯಾನೇಜರು ಹೇಳಿದ್ದನ್ನು ಬರೆದೆ.

ಮರುದಿನ ಅವನು ಮೊದಲು ಪ್ರಿಂಟರ್, ಆಮೇಲೆ ಕಂಪ್ಯೂಟರ್ ಆನ್ ಮಾಡಿದ. ಪ್ರಿಂಟರ್ ಮೊದಲ ಸಾಲಿನಿಂದಲೇ ನೆಟ್ಟಗೆ ಹೊಡೆಯಿತು. ಅದನ್ನೂ ಬರೆದೆ. ಆ ಪುಟವನ್ನು ಯಾರೂ ಕೇಳಲಿಲ್ಲ.

ತಿಂಗಳೊಳಗೆ ಕಾಯಂ ಆದೇಶ ಬಂತು. ನನ್ನ ಹೆಸರಿತ್ತು, ಅವನದಿರಲಿಲ್ಲ. ಅವನು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ಬಂದ. ಲಾಗ್ ಪುಸ್ತಕ ತೆರೆದು ಆಯುಧಪೂಜೆಯ ದಿನದ ಪುಟ ನೋಡಿದ.

"ಬರ್ತೀನಿ ಗುರು. ನಿನ್ನ ಅಕ್ಷರ ದುಂಡಗೆ ಚೆನ್ನಾಗೈತೆ."

ಅವನು ಹೋದ ಮೇಲೆ ಕಂಪ್ಯೂಟರಿನ ಮೇಲಿನ ಗೋಡೆಗೆ ಒಂದು ಹಲಗೆ ಬಂತು: 'ಮೊದಲು ಪ್ರಿಂಟರ್ ಆನ್ ಮಾಡಿ.' ಕೆಳಗೆ ಮ್ಯಾನೇಜರ ಸಹಿ. ಅಕ್ಷರ ಚೆನ್ನಾಗಿದೆ ಎಂದು ಅದನ್ನೂ ನನ್ನ ಕೈಯಲ್ಲೇ ಬರೆಸಿದರು.